ಗೇರಿಗೆ ಬಿದ್ದ ಬೀಗ

ಯಾದಗಿರಿಗೆ ರೈಲು 1871ರ ಹೊತ್ತಿಗೇ ಬಂತು. ಆ ಹಳಿ ಶಹಾಪುರ, ಸುರಪುರಗಳನ್ನು ಮುಟ್ಟಲಿಲ್ಲ. ಹೀಗಾಗಿ ಈ ಎರಡು ಊರುಗಳ ಓಡಾಟಕ್ಕೆ ಬಂಡಿಯ ನಂತರ ಆಸರೆಯಾದದ್ದು ಮೋಟಾರು. ನಿಜಾಮ್ ಸಂಸ್ಥಾನದ ರೈಲ್ವೆ 1932ರಲ್ಲಿ 27 ಬಸ್ಸುಗಳಿಂದ ರಸ್ತೆ ಸಾರಿಗೆ ಆರಂಭಿಸಿತ್ತು. ಮುಂದೆ ಬಂದ ಬಸ್ಸು, ಲಾರಿ, ಟ್ರ್ಯಾಕ್ಟರ್‌ಗಳೂ ಬಹುತೇಕ ಕ್ಲಚ್ಚಿನವೇ. ಇಳಿಜಾರಿನಲ್ಲಿ ನಿಲ್ಲಿಸುವಾಗ ಗೇರಿಗೆ ಹಾಕಿ, ಗಾಲಿಗೆ ಕಲ್ಲು ಕೊಟ್ಟರಾಯಿತು. ಗೇರು ಬೀಳದಿದ್ದರೆ ಕ್ಲಚ್ಚನ್ನೋ ಗೇರ್‌ಬಾಕ್ಸನ್ನೋ ಅನುಮಾನಿಸುವುದು ಈ ಗಾಡಿಗಳು ಕಲಿಸಿದ ಪಾಠ. ಆಟೊಮ್ಯಾಟಿಕ್ ಕಾರಿನ ಗೇರ್ ಲಿವರ್ ‘ಪಿ’ಯಲ್ಲಿ, ಅಂದರೆ ಪಾರ್ಕಿಂಗ್ ಸ್ಥಾನದಲ್ಲಿ, ಸಿಕ್ಕಿಕೊಂಡಾಗ ಅದೇ ಪಾಠ ದಾರಿ ತಪ್ಪಿಸುತ್ತದೆ.

ಏಕೆಂದರೆ ಲಿವರನ್ನು ಅಲ್ಲಿ ಹಿಡಿದಿಡುವ ಬೀಗ ಬೇಕೆಂದೇ ಇಟ್ಟದ್ದು. 1980ರ ದಶಕದಲ್ಲಿ ಅಮೆರಿಕದಲ್ಲಿ ಆಡಿ 5000 ಕಾರುಗಳು ತಾವಾಗಿ ನುಗ್ಗುತ್ತವೆಂಬ ಗುಲ್ಲೆದ್ದಿತು. 1989ರ ಸರ್ಕಾರಿ ತನಿಖೆ ಬೆಟ್ಟು ಮಾಡಿದ್ದು ಮುಖ್ಯವಾಗಿ ಬ್ರೇಕ್ ಬದಲು ಆಕ್ಸಿಲರೇಟರ್ ತುಳಿದ ಕಾಲನ್ನು. ಬ್ರೇಕ್ ಒತ್ತದೆ ಲಿವರ್ ಕದಲದಂಥ ಬೀಗ ಹೀಗೆ ಹಬ್ಬಿತು. ಬ್ರೇಕ್ ದೀಪದ ಸ್ವಿಚ್ಚೇ ಹಲವು ಕಾರುಗಳಲ್ಲಿ ಅದಕ್ಕೂ ಸುಳಿವು ಕೊಡುತ್ತದೆ. ಆದ್ದರಿಂದ ಮೊದಲು ನೋಡಬೇಕಾದ್ದು ಕಾರಿನ ಹಿಂಭಾಗ: ಪೆಡಲ್ ಒತ್ತಿದಾಗ ಕೆಂಪು ದೀಪ ಹತ್ತದಿದ್ದರೆ ಫ್ಯೂಸು, ಸ್ವಿಚ್ಚು ನೋಡಿ, ಗೇರ್‌ಬಾಕ್ಸ್ ಬಿಚ್ಚುವ ಗೋಜು ಆಮೇಲೆ.

ಎಲ್ಲ ದೋಷವೂ ವಿದ್ಯುತ್ತಿನದಲ್ಲ ಎಂದರೆ, ಒಪ್ಪಿದೆ. ಸುರಪುರದಂಥ ಗುಡ್ಡದ ಊರಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆಯದೆ ನಿಲ್ಲಿಸಿದರೆ ಗಾಡಿಯ ಭಾರವೆಲ್ಲ ಗೇರ್‌ಬಾಕ್ಸಿನೊಳಗಿನ ಪುಟ್ಟ ಕೊಕ್ಕೆಯ ಮೇಲೆ ಬಿದ್ದು, ಲಿವರ್ ಬಿಗಿದುಕೊಳ್ಳುತ್ತದೆ. ಅಲ್ಲಿ ಗಾಲಿಗೆ ಕಲ್ಲು ಕೊಡುವ ಹಳೆಯ ರೂಢಿಯೇ ಸರಿ. ಆದರೆ ಮೊದಲು ಹ್ಯಾಂಡ್‌ಬ್ರೇಕ್, ಆಮೇಲೆ ‘ಪಿ’.