ಕುಲಾಬಾ ಕೋಟೆ, ಅಲಿಬಾಗ್: ಇತಿಹಾಸ ಮತ್ತು ಸಂದರ್ಶಕರಿಗೆ ಮಾಹಿತಿ

ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಕೇಂದ್ರಸ್ಥಳವಾದ ಅಲಿಬಾಗ್ ಪಟ್ಟಣದ ಕಡಲತೀರದ ಎದುರಿಗೆ, ಸಮುದ್ರದೊಳಗಿನ ಬಂಡೆಯ ಮೇಲೆ ಕುಲಾಬಾ ಕೋಟೆಯಿದೆ. ಉಬ್ಬರದ ವೇಳೆಯಲ್ಲಿ ಇದು ದ್ವೀಪ. ಇಳಿತದ ವೇಳೆಯಲ್ಲಿ ತೀರದಿಂದ ಕಾಲ್ನಡಿಗೆಯಲ್ಲಿ ತಲುಪಬಹುದಾದ ಸ್ಥಳ. ಈ ಕೋಟೆಯು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಸಂರಕ್ಷಣೆಯಲ್ಲಿದೆ.

ಛತ್ರಪತಿ ಶಿವಾಜಿ ಮಹಾರಾಜರು 1680ರಲ್ಲಿ ನಿರ್ಮಾಣವನ್ನು ಆರಂಭಿಸಿದರು. ಅದೇ ವರ್ಷ ಅವರು ನಿಧನರಾದುದರಿಂದ ಸಂಭಾಜಿ ಮಹಾರಾಜರು 1681ರಲ್ಲಿ ಪೂರ್ಣಗೊಳಿಸಿದರು. ಗೋಡೆಯ ದೊಡ್ಡ ಕಲ್ಲುಗಳ ನಡುವೆ ಗಾರೆಯನ್ನು ಬಳಸಿಲ್ಲ. ಅಲೆಯ ನೀರು ಸಂದುಗಳಲ್ಲಿ ಹೊಕ್ಕು ಹೊರಬರುವುದರಿಂದ ಹೊಡೆತದ ಬಲವು ಕುಗ್ಗುತ್ತದೆ. ಉಪ್ಪುನೀರಿನ ನಡುವೆಯೂ ಕೋಟೆಯೊಳಗೆ ಸಿಹಿನೀರಿನ ಬಾವಿಯಿರುವುದು ಗಮನಾರ್ಹ. ಅದಿಲ್ಲದಿದ್ದರೆ ಇಲ್ಲಿ ಸೈನ್ಯವನ್ನು ಇರಿಸುವುದು ಸಾಧ್ಯವಾಗುತ್ತಿರಲಿಲ್ಲ.

1713ರಲ್ಲಿ ಪೇಶ್ವೆ ಬಾಳಾಜಿ ವಿಶ್ವನಾಥರೊಡನೆ ಆದ ಒಪ್ಪಂದದಂತೆ ಕೋಟೆಯು ಮರಾಠಾ ನೌಕಾಪಡೆಯ ಮುಖ್ಯಸ್ಥರಾದ ಕಾನ್ಹೋಜಿ ಆಂಗ್ರೆಯವರ ಅಧೀನದಲ್ಲಿ ಉಳಿಯಿತು. ಈ ಕರಾವಳಿಯಲ್ಲಿ ಸಂಚರಿಸುವ ವರ್ತಕ ಹಡಗುಗಳು ತಮ್ಮ ರಹದಾರಿ ಪಡೆಯಬೇಕೆಂದು ಅವರು ವಿಧಿಸಿದ್ದರು. ಇದನ್ನು ಒಪ್ಪದ ಇಂಗ್ಲಿಷರು ಅವರನ್ನು ಕಡಲ್ಗಳ್ಳರೆಂದು ಕರೆದರು; ವಾಸ್ತವದಲ್ಲಿ ಅದು ಸುಂಕದ ಹಕ್ಕಿನ ವಿವಾದವಾಗಿತ್ತು. 1721ರ ಕೊನೆಯಲ್ಲಿ ಇಂಗ್ಲಿಷರು ಮತ್ತು ಪೋರ್ಚುಗೀಸರು ಜಂಟಿಯಾಗಿ ದಾಳಿ ಮಾಡಿದರೂ ಕೋಟೆ ಅವರ ವಶವಾಗಲಿಲ್ಲ. ಕಾನ್ಹೋಜಿಯವರು 1729ರಲ್ಲಿ ನಿಧನರಾದರು. ಒಳಗಿನ ಸಿದ್ಧಿವಿನಾಯಕ ದೇವಾಲಯವನ್ನು ರಾಘೋಜಿ ಆಂಗ್ರೆಯವರು 1759ರಲ್ಲಿ ಕಟ್ಟಿಸಿದರು.

ತೋಪುಗಳಿಗೆ ಮಣಿಯದ ಈ ಸಂಸ್ಥಾನವು ಕಾಗದಪತ್ರದ ಮೂಲಕ ಕೊನೆಗೊಂಡಿತು. ಆಂಗ್ರೆ ಮನೆತನದಲ್ಲಿ ವಾರಸುದಾರರಿಲ್ಲವೆಂಬ ಕಾರಣ ನೀಡಿ, ದತ್ತು ಸ್ವೀಕಾರಕ್ಕೆ ಅನುಮತಿಯನ್ನು ನಿರಾಕರಿಸಿ, ಬ್ರಿಟಿಷ್ ಆಡಳಿತವು 1840ರಲ್ಲಿ ಅದನ್ನು ವಶಪಡಿಸಿಕೊಂಡಿತು. ಇಂತಹ ಸ್ವಾಧೀನಗಳೊಡನೆ ಹೆಸರು ಜೋಡಿಸಲ್ಪಡುವ ಲಾರ್ಡ್ ಡಾಲ್‌ಹೌಸಿ ಭಾರತಕ್ಕೆ ಬಂದದ್ದು 1848ರಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು. ಕುಲಾಬಾ ಎಂಬ ಹೆಸರು ಜಿಲ್ಲೆಗೂ ಇದ್ದು, 1981ರಲ್ಲಿ ಅದನ್ನು ರಾಯಗಡ ಎಂದು ಬದಲಾಯಿಸಲಾಯಿತು. ಉತ್ತರದ ಗೋಡೆಯ ಬಳಿ ಗಾಲಿಗಳ ಮೇಲಿರುವ ಎರಡು ತೋಪುಗಳು ಇಂಗ್ಲೆಂಡಿನಲ್ಲಿ ತಯಾರಾದವು.

ಕಾಲ್ನಡಿಗೆಯಲ್ಲಿ ತೆರಳುವವರು ಅಂದಿನ ಇಳಿತದ ವೇಳೆಯನ್ನು ತೀರದಲ್ಲಿಯೇ ವಿಚಾರಿಸಿಕೊಳ್ಳತಕ್ಕದ್ದು. ಉಬ್ಬರ ಇಳಿತಗಳ ವೇಳೆಯು ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುವುದರಿಂದ ಹಿಂದಿನ ದಿನದ ವೇಳೆಯನ್ನು ಅವಲಂಬಿಸಬಾರದು. ನೀರು ಏರತೊಡಗುವ ಮೊದಲೇ ಹಿಂದಿರುಗುವುದು. ತಡವಾದಲ್ಲಿ ನೀರಿಗೆ ಇಳಿಯದೆ ದೋಣಿಗಾಗಿ ಅಥವಾ ಮುಂದಿನ ಇಳಿತಕ್ಕಾಗಿ ಕೋಟೆಯಲ್ಲಿಯೇ ಕಾಯುವುದು.