ಕೋಡಿಂಗ್ ಬಂದರೆ ಸಾಕು, ಮಾತು ಬೇಕಿಲ್ಲ ಎಂಬುದು ನಿಜವೇ?

ವಾರಾಂತ್ಯದಲ್ಲಿ ಸ್ಕಂದಗಿರಿ ಹತ್ತುವವರಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಗಳೂ ಇರುತ್ತಾರೆ. ಬೆಟ್ಟದ ಸುತ್ತಲಿನ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಹುಡುಗ ಹುಡುಗಿಯರು ಅದೇ ಕೆಲಸಕ್ಕೆ ತಯಾರಾಗುತ್ತಿದ್ದಾರೆ. ಅವರ ಕಿವಿಗೆ ಬೀಳುವ ಮಾತು ಎರಡು: ಕೋಡಿಂಗ್ ಬಂದರೆ ಸಾಕು, ಅಥವಾ, ಪಟಪಟ ಇಂಗ್ಲಿಷ್ ಮಾತಾಡುವುದೇ ಸಾಫ್ಟ್ ಸ್ಕಿಲ್. ಎರಡೂ ಪೂರ್ತಿ ನಿಜವಲ್ಲ.

1999ರ ಸೆಪ್ಟೆಂಬರ್ 23ರಂದು ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳನ ಬಳಿ ಕೈತಪ್ಪಿತು. ನೌಕೆಯ ಸಣ್ಣ ಎಂಜಿನ್‌ಗಳ ತಳ್ಳುವ ಬಲವನ್ನು ಒಂದು ತಂಡದ ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಕೊಟ್ಟಿತ್ತು. ಇನ್ನೊಂದು ತಂಡ ಅದನ್ನು ನ್ಯೂಟನ್ ಎಂದುಕೊಂಡಿತು. ವ್ಯತ್ಯಾಸ ಸುಮಾರು 4.45 ಪಟ್ಟು! ಪಥದ ಲೆಕ್ಕ ಹೊಂದುತ್ತಿಲ್ಲ ಎಂದು ಕೆಲವರಿಗೆ ಮೊದಲೇ ಅನುಮಾನವಿತ್ತು, ಅದು ಸರಿಯಾದ ಕ್ರಮದಲ್ಲಿ ಮೇಲಕ್ಕೆ ತಲುಪಲಿಲ್ಲ. ತಂಡಗಳ ನಡುವಿನ ಸಂವಹನದ ಕೊರತೆಯನ್ನೂ ತನಿಖಾ ವರದಿ ಎತ್ತಿ ತೋರಿಸಿತು. ಗಮನಿಸಿ, ಅಲ್ಲಿ ಇಂಗ್ಲಿಷಿಗೇನೂ ಬರವಿರಲಿಲ್ಲ.

ನಮ್ಮೂರಿನ ಉದಾಹರಣೆಗೆ ಬನ್ನಿ. ಶಿಡ್ಲಘಟ್ಟದ ರೇಷ್ಮೆಗೂಡಿನ ಹರಾಜಿಗೆ ನೀವೇ ಒಂದು ಆ್ಯಪ್ ಮಾಡಬೇಕು ಎಂದುಕೊಳ್ಳಿ. ಕೂಗಿದ ದರ ರೈತರಿಗೆ ಒಪ್ಪಿಗೆಯಾಗದಿದ್ದರೆ ಮುಂದೇನು? ತೂಕ ಹರಾಜಿಗೆ ಮೊದಲೋ, ಆಮೇಲೋ? ಇದನ್ನು ರೈತರನ್ನೂ ರೀಲರ್‌ಗಳನ್ನೂ ಕೇಳಿಯೇ ತಿಳಿಯಬೇಕು. ಅಲ್ಲಿ ಕನ್ನಡ, ತೆಲುಗೇ ಹೆಚ್ಚು ಉಪಯೋಗಕ್ಕೆ ಬರುವುದು.

ವಿದೇಶಿ ಗ್ರಾಹಕರ ಕರೆ, ಇಮೇಲ್‌ಗಳಿಗೆ ಇಂಗ್ಲಿಷ್ ಬೇಕೇ ಬೇಕು, ಅಲ್ಲಗಳೆಯುವುದಿಲ್ಲ. ಆದರೆ ಅದನ್ನು ಕಲಿಯುವ ಮೊದಲೇ ಶುರುಮಾಡಬಹುದಾದ ಅಭ್ಯಾಸ ಒಂದಿದೆ. ಕೆಲಸ ಒಪ್ಪಿಕೊಂಡಾಗ ನಿಮಗೆ ಅರ್ಥವಾದದ್ದನ್ನು ನಾಲ್ಕು ಸಾಲು ಬರೆದು ಕಳಿಸಿ, "ಸರಿಯಾ?" ಎಂದು ಕೇಳಿ.