ಎಣ್ಣೆಯ ಬೆಲೆಯೂ ಬಡವನ ಬುತ್ತಿಯೂ

1973ರ ಅಕ್ಟೋಬರ್ 6ರಂದು ಈಜಿಪ್ಟ್ ಮತ್ತು ಸಿರಿಯಾ ದೇಶಗಳು ಇಸ್ರಯೇಲಿನ ಮೇಲೆ ಯುದ್ಧ ಹೂಡಿದವು. 11 ದಿನಗಳ ತರುವಾಯ ಅರಬ್ ರಾಷ್ಟ್ರಗಳು ತೈಲೋತ್ಪಾದನೆಯನ್ನು ಕಡಿತಗೊಳಿಸುವುದಾಗಿ ಸಾರಿದವು. ಪೀಪಾಯಿಗೆ ಸುಮಾರು 3 ಡಾಲರ್ ಇದ್ದ ಕಚ್ಚಾತೈಲದ ಬೆಲೆ 1974ರ ಜನವರಿಯ ವೇಳೆಗೆ ಹನ್ನೊಂದೂವರೆ ಡಾಲರನ್ನು ದಾಟಿತು. ಅಲ್ಲಿಯವರೆಗೆ ತಮ್ಮ ನೆಲದ ಸಂಪತ್ತನ್ನು ಅಗ್ಗದ ದರಕ್ಕೆ ಬಿಟ್ಟುಕೊಟ್ಟಿದ್ದ ಆ ರಾಷ್ಟ್ರಗಳ ಅಳಲಿನಲ್ಲಿ ನ್ಯಾಯವಿರಲಿಲ್ಲವೆಂದು ಹೇಳಲಾಗದು. ಆದರೆ ಆ ನ್ಯಾಯದ ಬೆಲೆಯನ್ನು ತೆತ್ತವರು ಯಾರು?

ಹಾಲೆಂಡಿನ ಜನರು ಕೆಲವು ಭಾನುವಾರ ಕಾರುಗಳನ್ನು ಮನೆಯಲ್ಲೇ ಬಿಟ್ಟು ಸೈಕಲ್ ತುಳಿದರು. ಬಡರಾಷ್ಟ್ರಗಳಲ್ಲಿ ಬಿಡುವುದಕ್ಕೆ ಕಾರುಗಳೇ ಇರಲಿಲ್ಲ. ಅಲ್ಲಿ ಎಣ್ಣೆಯೆಂದರೆ ಗುಡಿಸಲಿನ ಸೀಮೆಎಣ್ಣೆ, ಗದ್ದೆಯ ಪಂಪು, ಯೂರಿಯಾ ಗೊಬ್ಬರ. ತೈಲರಾಷ್ಟ್ರಗಳಲ್ಲಿ ಮಿಕ್ಕ ಹಣ ಲಂಡನ್, ನ್ಯೂಯಾರ್ಕ್‌ಗಳ ಬ್ಯಾಂಕುಗಳನ್ನು ಸೇರಿ, ಅಲ್ಲಿಂದ ಬ್ರೆಜಿಲ್, ಮೆಕ್ಸಿಕೊಗಳಂಥ ದೇಶಗಳಿಗೆ ಸಾಲವಾಗಿ ಹರಿಯಿತು. 1979ರಲ್ಲಿ ಬೆಲೆ ಮತ್ತೊಮ್ಮೆ ಏರಿತು, ಬಡ್ಡಿಯೂ ಏರಿತು; 1982ರ ಆಗಸ್ಟ್‌ನಲ್ಲಿ ಮೆಕ್ಸಿಕೊ ಕೈಚೆಲ್ಲಿತು. ಜಗದ್ಗುರು ಎರಡನೆಯ ಜಾನ್ ಪೌಲರು 1994ರ ತಮ್ಮ ಪ್ರೇಷಿತ ಪತ್ರದಲ್ಲಿ ಬಡರಾಷ್ಟ್ರಗಳ ಸಾಲಭಾರವನ್ನು ಇಳಿಸಬೇಕೆಂದು ಕೋರಿದ್ದರ ಹಿಂದೆ ಈ ಕಥೆಯೂ ಇದೆ.

ನಮ್ಮ ದೇಶ ಆಗ ತನಗೆ ಬೇಕಾದ ಕಚ್ಚಾತೈಲದ ಬಹುಪಾಲನ್ನು ಹೊರಗಿನಿಂದ ತರಿಸುತ್ತಿತ್ತು. 1973ರ ನವೆಂಬರ್‌ನಲ್ಲಿ ವಾಜಪೇಯಿಯವರು ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಬಂದು ಪೆಟ್ರೋಲ್ ದರವನ್ನು ಪ್ರತಿಭಟಿಸಿದ್ದು ಹಿರಿಯರಿಗೆ ನೆನಪಿದ್ದೀತು. ಮಳೆಯ ಅಭಾವದಿಂದ ಮೊದಲೇ ತುಟ್ಟಿಯಾಗಿದ್ದ ಧಾನ್ಯಕ್ಕೆ ಎಣ್ಣೆಯ ಏಟೂ ಸೇರಿ, 1974ರಲ್ಲಿ ಬೆಲೆಗಳು ಶೇಕಡ 20ಕ್ಕಿಂತ ಹೆಚ್ಚು ಏರಿದವು.

ಆ ಬೇಗೆಯಲ್ಲಿಯೇ ಮೇ 8ರಂದು ರೈಲ್ವೆ ನೌಕರರ ಮುಷ್ಕರ ಆರಂಭವಾಯಿತು. ಅದರ ಮುಂದಾಳು ಮಂಗಳೂರಿನ ಜಾರ್ಜ್ ಫೆರ್ನಾಂಡಿಸ್. ಗುರುಗಳಾಗಲೆಂದು ಬೆಂಗಳೂರಿನ ಸಂತ ಪೇತ್ರರ ಗುರುಮಠವನ್ನು ಸೇರಿ, ಓದನ್ನು ಅರ್ಧಕ್ಕೆ ಬಿಟ್ಟು ಬಂದಿದ್ದವರು. ಊಟದ ಮನೆಯಲ್ಲಿ ಕಂಡ ಪಂಕ್ತಿಭೇದವನ್ನು ಅವರು ಮುಂದೆಯೂ ಮರೆಯಲಿಲ್ಲ. ಬೋನಸ್, 8 ಗಂಟೆಗಳ ದುಡಿಮೆ, ಬೆಲೆಗೆ ತಕ್ಕ ತುಟ್ಟಿಭತ್ಯೆ, ಸರ್ಕಾರಿ ಉದ್ದಿಮೆಗಳ ಕಾರ್ಮಿಕರಿಗೆ ಸಮನಾದ ವೇತನ: ನೌಕರರು ಕೇಳಿದ್ದು ಇಷ್ಟು. ನಾಯಕರನ್ನು ಮುಷ್ಕರಕ್ಕೆ ಮುನ್ನವೇ ಬಂಧಿಸಲಾಗಿತ್ತು. ಸಾವಿರಾರು ಮಂದಿ ಸೆರೆಮನೆ ಸೇರಿದರು, ಅನೇಕ ಕುಟುಂಬಗಳು ವಸತಿಗೃಹಗಳಿಂದ ಹೊರಬಿದ್ದವು. ಸುಮಾರು 20 ದಿನಗಳಲ್ಲಿ ಮುಷ್ಕರ ಮುರಿಯಿತು. ಜುಲೈನಲ್ಲಿ ಸರ್ಕಾರ ಸುಗ್ರೀವಾಜ್ಞೆಯ ಮೂಲಕ, ಹೆಚ್ಚುವರಿ ತುಟ್ಟಿಭತ್ಯೆಯ ಅರ್ಧಭಾಗವನ್ನು ಕಡ್ಡಾಯ ಠೇವಣಿಯಾಗಿ ಹಿಡಿದಿಟ್ಟಿತು.

ಹಾಗಿದ್ದರೂ ರೈಲ್ವೆ ನೌಕರನಿಗೆ ತುಟ್ಟಿಭತ್ಯೆಯೆಂಬುದೊಂದಿತ್ತು, ಸಂಘವೊಂದಿತ್ತು. ಹೊಲದ ಕೂಲಿಯಾಳಿಗೆ, ಮನೆಗೆಲಸದಾಕೆಗೆ ಎರಡೂ ಇರಲಿಲ್ಲ. ಅವರ ಕೂಲಿ ಏರುವುದು ಧಣಿಯ ಮನಸ್ಸು ಕರಗಿದಾಗ, ಸೀಮೆಎಣ್ಣೆಯ ದರವಾದರೋ ಯಾರನ್ನೂ ಕೇಳದೆ ಏರುತ್ತಿತ್ತು. ಇತಿಹಾಸಕಾರರು ಮುಷ್ಕರವನ್ನು ಬರೆದಿಟ್ಟಿದ್ದಾರೆ. ದೀಪವಾರಿಸಿ ಬೇಗ ಮಲಗಿದ ಮನೆಗಳ ಲೆಕ್ಕವನ್ನು ಯಾರೂ ಇಟ್ಟಂತಿಲ್ಲ.

ಏರಿದ ಬೆಲೆಯ ಹಣದಿಂದ ಕೊಲ್ಲಿ ರಾಷ್ಟ್ರಗಳಲ್ಲಿ ಬಂದರು, ರಸ್ತೆ, ಆಸ್ಪತ್ರೆಗಳು ಎದ್ದವು. ಅವುಗಳನ್ನು ಕಟ್ಟಲು ಕೈಗಳು ಬೇಕಿದ್ದವು. ಕರಾವಳಿಯ ನಮ್ಮ ಧರ್ಮಕೇಂದ್ರಗಳ ಯುವಕರೂ ದಾದಿಯರೂ ಕುವೈತ್, ಬಹರೈನ್, ದುಬೈಗಳಿಗೆ ಹೊರಟರು. ಊರಿನಲ್ಲಿ ಹೆಂಚಿನ ಮನೆಯಿದ್ದಲ್ಲಿ ತಾರಸಿ ಮನೆ ಬಂದಿತು. ವೀಸಾಕ್ಕೆ ಹಣ ಹೊಂದಿಸಲಾಗದ ಪಕ್ಕದ ಮನೆಯವನು ಹೆಂಚಿನಡಿಯಲ್ಲೇ ಉಳಿದನು.